ಲ್ಯಾಪ್‌ಟಾಪಿನಲ್ಲಿ ಧ್ವನಿ ಬಾರದಿದ್ದರೆ ಏನು ಮಾಡಬೇಕು?



ನಮ್ಮ ಶಾಲೆಯ ಲ್ಯಾಪ್‌ಟಾಪಿನಲ್ಲಿ ಇರುವುದು ಉಬುಂಟು. ಇದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಒಂದು ಬಗೆ. ಮುಕ್ತ ಎಂದರೆ ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಬರೆದಿದ್ದಾರೆಂದು ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಕೊಡಬಹುದು. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಲಿನಕ್ಸನ್ನು ಶುರು ಮಾಡಿದರು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಉಬುಂಟುವಿನಿಂದ ಮಾಡಿದ ಕೈಟ್ ಗ್ನು/ಲಿನಕ್ಸ್‌ನಲ್ಲಿ ಕಲಿಯುತ್ತಾರೆ.

ಕೆಲವು ಸಲ ಇದರಲ್ಲಿ ಚಿತ್ರ ಬರ್ತದೆ, ಧ್ವನಿ ಬರೋದಿಲ್ಲ. ಹಾಡು ತಪ್ಪಿತು ಅಷ್ಟೇ ಎಂದು ನಮಗೆ ಅನಿಸಬಹುದು. ಆದರೆ ನಮ್ಮ ತರಗತಿಯ ಒಬ್ಬ ಗೆಳತಿಗೆ ಕಣ್ಣು ಕಾಣುವುದಿಲ್ಲ. ಓರ್ಕಾ ಎಂಬ ತಂತ್ರಾಂಶ ಪರದೆಯ ಅಕ್ಷರಗಳನ್ನು ಅವಳಿಗೆ ಕನ್ನಡದಲ್ಲೇ ಓದಿ ಹೇಳುತ್ತದೆ. ಧ್ವನಿ ಹೋದರೆ ಅವಳ ಪುಸ್ತಕವೇ ಮುಚ್ಚಿದ ಹಾಗೆ. ಆದ್ದರಿಂದ ಇದನ್ನು ಎಲ್ಲರೂ ಕಲಿಯಬೇಕು.

ಧ್ವನಿ ಬರುವ ದಾರಿ

ನಮ್ಮ ಕಡೆ ಗುಡ್ಡದ ಮೇಲಿನ ನೀರು ಪೈಪಿನಲ್ಲಿ ಇಳಿದು ಮನೆಯ ತೊಟ್ಟಿಗೆ ಬರುತ್ತದಲ್ಲ, ಧ್ವನಿಯೂ ಹಾಂಗೆ. ಹಾಡಿಸುವ ತಂತ್ರಾಂಶದಿಂದ ಪೈಪ್‌ವೈರ್‌ಗೆ (ಹಳೆಯದರಲ್ಲಿ ಪಲ್ಸ್‌ಆಡಿಯೋ), ಅಲ್ಲಿಂದ ಆಲ್ಸಾಕ್ಕೆ, ಅಲ್ಲಿಂದ ಸೌಂಡ್ ಕಾರ್ಡಿಗೆ, ಕೊನೆಗೆ ಸ್ಪೀಕರಿಗೆ ಬರುತ್ತದೆ. ಡ್ರೈವರ್ ಇರುವುದು ಆಲ್ಸಾದಲ್ಲಿ. ಡ್ರೈವರ್ ಎಂದರೆ ಶಿರಸಿ-ಯಲ್ಲಾಪುರ ಬಸ್ಸಿನ ಡ್ರೈವರ್ ಅಲ್ಲ! ಲಿನಕ್ಸ್ ಹೇಳಿದ್ದನ್ನು ಸೌಂಡ್ ಕಾರ್ಡಿಗೆ ತಿಳಿಯುವ ಹಾಗೆ ಹೇಳುವ ತಂತ್ರಾಂಶ. ಆಲ್ಸಾವನ್ನು 1998ರಲ್ಲಿ ಯಾರೋಸ್ಲಾವ್ ಕಿಸೆಲಾ ಎಂಬವರು ಆರಂಭಿಸಿದರು.

ನೀರು ಬರದಿದ್ದರೆ ಮೊದಲೇ ಗುಡ್ಡ ಹತ್ತುತ್ತೇವೆಯೇ? ಇಲ್ಲ. ನಲ್ಲಿ ನೋಡಿ, ಆಮೇಲೆ ಪೈಪು ನೋಡಿ, ಕೊನೆಗೆ ಗುಡ್ಡ. ಇಲ್ಲಿಯೂ ಅದೇ ಕ್ರಮ.

ನೋಡುವ ಕ್ರಮ

1. ಧ್ವನಿ ಬಂದ್ ಮಾಡುವ ಕೀ ಒತ್ತಿದೆಯೇ ನೋಡಿ. ನಂತರ ಇಯರ್‌ಫೋನ್ ಹಾಕಿ ಕೇಳಿ. ಅದರಲ್ಲಿ ಬಂದರೆ ಸೌಂಡ್ ಕಾರ್ಡ್, ಡ್ರೈವರ್ ಎರಡೂ ಕೆಲಸ ಮಾಡುತ್ತಿವೆ ಎಂದು ತಿಳಿಯಿರಿ.

2. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು ಔಟ್‌ಪುಟ್ ಯಾವುದೆಂದು ನೋಡಿ. ಎಚ್‌ಡಿಎಂಐ ಎಂದಿದ್ದರೆ ಧ್ವನಿ ಟಿ.ವಿ.ಗೆ ಹೋಗುತ್ತಿದೆ. ಸ್ಪೀಕರ್ ಆರಿಸಿ. ಡಮ್ಮಿ ಔಟ್‌ಪುಟ್ ಎಂದು ಮಾತ್ರ ಇದ್ದರೆ ಕಾರ್ಡ್ ಸಿಕ್ಕಿಲ್ಲ ಎಂದರ್ಥ. ಆಗ ನೇರ 4ಕ್ಕೆ ಹೋಗಿ.

3. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟರ್ಮಿನಲ್ ಬರುತ್ತದೆ. ಆಲ್ಸಾಮಿಕ್ಸರ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಎಫ್6 ಒತ್ತಿ ಕಾರ್ಡ್ ಆರಿಸಿ. ಕಂಬದ ಕೆಳಗೆ ಎರಡು ಎಂ ಇದ್ದರೆ ಬಾಯಿ ಮುಚ್ಚಿದೆ, ಎರಡು ಸೊನ್ನೆ ಇದ್ದರೆ ತೆರೆದಿದೆ. ಎಂ ಕೀ ಒತ್ತಿದರೆ ಬದಲಾಗುತ್ತದೆ. ಮೇಲಿನ ಬಾಣದ ಕೀಯಿಂದ ಧ್ವನಿ ಏರಿಸಿ.

4. ಟರ್ಮಿನಲ್‌ನಲ್ಲಿ ಏಪ್ಲೇ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಸಣ್ಣ ಎಲ್ ಹಾಕಿ. ಕಾರ್ಡಿನ ಹೆಸರು ಬಂದರೆ ಡ್ರೈವರ್ ಅದನ್ನು ಹಿಡಿದಿದೆ. ಬರದಿದ್ದರೆ ಯಂತ್ರವನ್ನು ಪೂರ್ತಿ ಬಂದ್ ಮಾಡಿ ಮತ್ತೆ ಶುರು ಮಾಡಿ. ಆಗಲೂ ಬರದಿದ್ದರೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಅಪ್‌ಡೇಟ್ ಮಾಡಿ. ಡ್ರೈವರ್‌ಗಳು ಲಿನಕ್ಸಿನ ಜತೆಗೇ ಬರುತ್ತವೆ. ಇಂಟೆಲ್ ಇರುವ ಕೆಲವು ಹೊಸ ಲ್ಯಾಪ್‌ಟಾಪ್‌ಗಳಿಗೆ ಎಸ್‌ಓಎಫ್ ಎಂಬ ಫರ್ಮ್‌ವೇರ್ ಕೂಡ ಬೇಕು. ಅಪ್‌ಡೇಟ್ ಆದ ಮೇಲೆಯೇ ಧ್ವನಿ ಹೋಗಿದ್ದರೆ, ಶುರುವಿನ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ.

5. ಯಾವುದೂ ಆಗದಿದ್ದರೆ ಯುಎಸ್‌ಬಿ ಇಯರ್‌ಫೋನ್ ಹಾಕಿ. ಅದರೊಳಗೇ ಸಣ್ಣ ಸೌಂಡ್ ಕಾರ್ಡ್ ಇರುತ್ತದೆ. ಲ್ಯಾಪ್‌ಟಾಪಿನ ಕಾರ್ಡ್ ಹಾಳಾಗಿದ್ದರೂ ಪಾಠ ನಿಲ್ಲುವುದಿಲ್ಲ.

ನಮ್ಮ ಶಾಲೆಯಲ್ಲಿ ಆದದ್ದು

ಕಳೆದ ಮಳೆಗಾಲದಲ್ಲಿ ಧ್ವನಿ ನಿಂತಿತು. ಪೇಟೆಯ ಒಂದು ಅಂಗಡಿಯವರು ಬೋರ್ಡ್ ಹೋಗಿದೆ, ಹೊಸದು ಹಾಕಬೇಕು ಎಂದರು. ಅಷ್ಟು ಹಣ ಶಾಲೆಯಲ್ಲಿ ಇರಲಿಲ್ಲ. "ಅಕ್ಕೋರೇ, ಒಂದ್ಸಲ ನಾವೇ ನೋಡ್ವನಾ?" ಎಂದು ಕೇಳಿದೆವು. ಅಕ್ಕೋರು ಹ್ಞೂಂ ಅಂದರು. ಇಯರ್‌ಫೋನಿನಲ್ಲಿ ಧ್ವನಿ ಬಂತು! ಅಂದರೆ ಕಾರ್ಡ್ ಸರಿ ಇದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ, ಇಯರ್‌ಫೋನ್ ತೆಗೆದ ಮೇಲೂ ಹಾಕಿದೆ ಎಂದೇ ತೋರಿಸುತ್ತಿತ್ತು. ಮಳೆಯ ತೇವ ಸೇರಿ ತೂತು ಕೆಟ್ಟಿತ್ತು. ಇಯರ್‌ಫೋನ್ ಇದೆ ಎಂದು ತಿಳಿದು ಯಂತ್ರ ತಾನೇ ಸ್ಪೀಕರ್ ಬಂದ್ ಮಾಡುತ್ತಿತ್ತು. ಆಲ್ಸಾಮಿಕ್ಸರ್‌ನಲ್ಲಿ ಆಟೋ ಮ್ಯೂಟ್ ಎಂಬುದನ್ನು ತೆಗೆದು, ಸ್ಪೀಕರಿನ ಕೆಳಗಿನ ಎಂ ಬದಲಿಸಿದೆವು. ಓರ್ಕಾ ಮಾತಾಡಿತು. ಒಂದು ಪೈಸೆ ಖರ್ಚಾಗಲಿಲ್ಲ. ಗೆಳತಿ ಅದೇ ದಿನ ನಿಂತಿದ್ದ ಪಾಠವನ್ನು ಮುಂದುವರಿಸಿದಳು.

ನೆನಪಿಡಿ

• ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೊದಲು ಹೇಗಿತ್ತೆಂದು ಬರೆದಿಟ್ಟುಕೊಳ್ಳಿ.
• ಸುಡೋ ಎಂದು ಶುರುವಾಗುವ ಆಜ್ಞೆಯನ್ನು ಅಕ್ಕೋರನ್ನು ಕೇಳದೆ ಕೊಡಬೇಡಿ. ಅದು ಇಡೀ ಯಂತ್ರವನ್ನು ಬದಲಿಸಬಲ್ಲದು.
• ಇಯರ್‌ಫೋನ್ ತೂತಿಗೆ ಪಿನ್ನು, ಕಡ್ಡಿ ಹಾಕಬೇಡಿ.
• ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಒಣಗಿದ ಜಾಗದಲ್ಲಿಡಿ.

ಯೋಚಿಸಿ ಉತ್ತರಿಸಿ: ಇಯರ್‌ಫೋನಿನಲ್ಲಿ ಧ್ವನಿ ಬಂದು ಸ್ಪೀಕರಿನಲ್ಲಿ ಬಾರದಿದ್ದರೆ ಡ್ರೈವರನ್ನು ಮತ್ತೆ ಹಾಕಬೇಕೇ? ಏಕೆ?

– 7ನೇ ತರಗತಿ