ನವಜಾತ ಶಿಶುವಿನ ಒಡಲಗ್ನಿ: ಕಂದು ಕೊಬ್ಬು

ತಾಯಿಯ ಗರ್ಭದಲ್ಲಿರುವಷ್ಟು ಕಾಲ ಶಿಶುವಿಗೆ ಚಳಿಯೆಂಬುದು ತಿಳಿಯದು. ತಾಯಿಯ ದೇಹದ ಶಾಖವೇ ಅದರ ಶಾಖ. ಜನನದ ಕ್ಷಣದಲ್ಲಿ ಈ ಸ್ಥಿತಿ ಒಮ್ಮೆಲೇ ಬದಲಾಗುತ್ತದೆ. ಮೈಯೆಲ್ಲ ಒದ್ದೆಯಾದ ಕೂಸು ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದ ನೆಲೆಯಿಂದ ಅದಕ್ಕಿಂತ ಬಹಳ ತಂಪಾದ ಕೋಣೆಗೆ ಬರುತ್ತದೆ. ಮೈಮೇಲಿನ ನೀರು ಆರುತ್ತಾ ಒಡಲಿನ ಶಾಖವನ್ನೂ ಸೆಳೆದೊಯ್ಯುತ್ತದೆ. ದೊಡ್ಡವರಿಗೆ ಚಳಿಯಾದರೆ ಮೈ ನಡುಗುತ್ತದೆ. ಆ ನಡುಕದಲ್ಲಿ ಸ್ನಾಯುಗಳು ದುಡಿದು ಶಾಖ ಹುಟ್ಟುತ್ತದೆ. ನವಜಾತ ಶಿಶುವಾದರೋ ಹಾಗೆ ನಡುಗಿ ಶಾಖ ಪಡೆಯಲಾರದು. ಆದರೂ ಅದು ತಕ್ಕಮಟ್ಟಿಗೆ ತನ್ನನ್ನು ತಾನೇ ಬೆಚ್ಚಗಿರಿಸಿಕೊಳ್ಳುತ್ತದೆ. ಅದಕ್ಕೆ ನೆರವಾಗುವುದು ಕಂದು ಕೊಬ್ಬು ಎಂಬ ವಿಶಿಷ್ಟ ಅಂಗಾಂಶ.

ಎರಡು ಬಗೆಯ ಕೊಬ್ಬು

ಕೊಬ್ಬು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹೊಟ್ಟೆ, ಸೊಂಟಗಳಲ್ಲಿ ಸೇರುವ ಬಿಳಿ ಕೊಬ್ಬು. ಅದರ ಪ್ರತಿಯೊಂದು ಜೀವಕೋಶದಲ್ಲಿಯೂ ಒಂದು ದೊಡ್ಡ ಜಿಡ್ಡಿನ ಹನಿ ಇರುತ್ತದೆ. ಕಣಜದಲ್ಲಿ ಕಾಳು ತುಂಬಿಟ್ಟಂತೆ ಅದು ಶಕ್ತಿಯನ್ನು ಕೂಡಿಡುತ್ತದೆ. ಕಂದು ಕೊಬ್ಬಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದರ ಜೀವಕೋಶದಲ್ಲಿ ಸಣ್ಣ ಸಣ್ಣ ಜಿಡ್ಡಿನ ಹನಿಗಳೂ ಅವುಗಳ ಸುತ್ತ ಮೈಟೋಕಾಂಡ್ರಿಯಾ ಎಂಬ ಸೂಕ್ಷ್ಮ ಕಣಗಳೂ ಕಿಕ್ಕಿರಿದಿರುತ್ತವೆ. ಈ ಕಣಗಳಲ್ಲಿರುವ ಕಬ್ಬಿಣದ ಅಂಶ ಮತ್ತು ಹೇರಳವಾದ ರಕ್ತನಾಳಗಳಿಂದ ಅದಕ್ಕೆ ಕಂದು ಬಣ್ಣ ಬಂದಿದೆ. ಸ್ವಿಟ್ಜರ್‌ಲೆಂಡಿನ ಪ್ರಕೃತಿ ವಿಜ್ಞಾನಿ ಕಾನ್ರಾಡ್ ಗೆಸ್ನರ್ 1551ರಷ್ಟು ಹಿಂದೆಯೇ ಮಾರ್ಮಟ್ ಎಂಬ ಬೆಟ್ಟದ ಪ್ರಾಣಿಯ ಹೆಗಲುಗಳ ನಡುವೆ ಈ ಅಂಗಾಂಶವನ್ನು ಗುರುತಿಸಿದ್ದನು. ಅದು ಪೂರ್ತಿ ಕೊಬ್ಬೂ ಅಲ್ಲ, ಪೂರ್ತಿ ಮಾಂಸವೂ ಅಲ್ಲವೆಂದು ಅವನಿಗೆ ತೋರಿತ್ತು. ಅದರ ಕಾರ್ಯವು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಶಾಖ ಹುಟ್ಟುವ ಬಗೆ

ಚರ್ಮಕ್ಕೆ ತಂಪು ತಗುಲಿದೊಡನೆ ಆ ಸುದ್ದಿ ನರಗಳ ಮೂಲಕ ಮಿದುಳಿನ ಹೈಪೋಥಾಲಮಸ್ ಎಂಬ ಭಾಗವನ್ನು ಮುಟ್ಟುತ್ತದೆ. ಅಲ್ಲಿಂದ ಹೊರಟ ಆಜ್ಞೆ ಕಂದು ಕೊಬ್ಬನ್ನು ತಲುಪಿದಾಗ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಸ ಬಿಡುಗಡೆಯಾಗುತ್ತದೆ. ಆಗ ಜಿಡ್ಡಿನ ಹನಿಗಳು ಕರಗಿ ಮೈಟೋಕಾಂಡ್ರಿಯಾಗಳಿಗೆ ಉರುವಲಾಗುತ್ತವೆ.

ಸಾಮಾನ್ಯ ಜೀವಕೋಶದಲ್ಲಿ ಮೈಟೋಕಾಂಡ್ರಿಯಾದ ಕೆಲಸವನ್ನು ಅಣೆಕಟ್ಟಿಗೆ ಹೋಲಿಸಬಹುದು. ಆಹಾರದ ಶಕ್ತಿಯಿಂದ ಪ್ರೋಟಾನ್ ಕಣಗಳು ಪೊರೆಯ ಒಂದು ಬದಿಯಲ್ಲಿ ನೀರಿನಂತೆ ಶೇಖರವಾಗುತ್ತವೆ. ಅವು ಮರಳಿ ಹರಿಯುವಾಗ ಒಂದು ಚಕ್ರ ತಿರುಗಿ, ದೇಹದ ಕೆಲಸಗಳಿಗೆ ಬೇಕಾದ ಎಟಿಪಿ ಎಂಬ ಶಕ್ತಿವಸ್ತು ಸಿದ್ಧವಾಗುತ್ತದೆ. ಕಂದು ಕೊಬ್ಬಿನಲ್ಲಿ ಯುಸಿಪಿ-1 ಎಂಬ ಪ್ರೋಟೀನು ಬೇರೊಂದು ತೂಬನ್ನು ತೆರೆಯುತ್ತದೆ. ಪ್ರೋಟಾನುಗಳು ಚಕ್ರವನ್ನು ತಿರುಗಿಸದೆ ಆ ತೂಬಿನಿಂದ ಹರಿಯುತ್ತವೆ. ಅವುಗಳ ಶಕ್ತಿಯೆಲ್ಲ ಶಾಖವಾಗುತ್ತದೆ. ಅಲ್ಲಿ ಬೆಚ್ಚಗಾದ ರಕ್ತವು ಇಡೀ ದೇಹಕ್ಕೆ ಆ ಶಾಖವನ್ನು ಹಂಚುತ್ತದೆ.

ಚಳಿಗಾಲವಿಡೀ ಬಿಲದಲ್ಲಿ ತಣ್ಣಗೆ ಮಲಗುವ ಮಾರ್ಮಟ್, ನೆಲದ ಅಳಿಲು ಮುಂತಾದ ಸಸ್ತನಿಗಳು ಎಚ್ಚರಗೊಳ್ಳುವುದು ಈ ಶಾಖದ ಬಲದಿಂದಲೇ. ಕೆಲವೇ ಗಂಟೆಗಳಲ್ಲಿ ಅವುಗಳ ಮೈ ಮೊದಲಿನ ಬಿಸಿಗೆ ಮರಳುತ್ತದೆ. ಹಂದಿಯ ವಂಶದಲ್ಲಾದರೋ ಯುಸಿಪಿ-1ರ ವಂಶವಾಹಿ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಆದ್ದರಿಂದ ಹಂದಿಮರಿಗಳು ನಡುಗಿಯೇ ಬೆಚ್ಚಗಾಗಬೇಕು. ಕಾಡುಹಂದಿಯು ಹುಲ್ಲು, ಸೊಪ್ಪುಗಳ ಗೂಡು ಮಾಡಿ ಅದರಲ್ಲಿ ಈಯುತ್ತದೆ. ಒಳಗಿನ ಶಾಖ ಸಾಲದಿದ್ದಲ್ಲಿ ಹೊರಗಿನ ಆಸರೆ ಬೇಕೆಂಬುದಕ್ಕೆ ಇದು ನಿದರ್ಶನ.

ಕೂಸಿನ ಉರುವಲಿಗೆ ಮಿತಿಯುಂಟು

ಮನುಷ್ಯ ಶಿಶುವಿನಲ್ಲಿ ಕಂದು ಕೊಬ್ಬು ಹೆಗಲುಗಳ ನಡುವೆ, ಕುತ್ತಿಗೆಯಲ್ಲಿ, ಕಂಕುಳಲ್ಲಿ ಮತ್ತು ಮೂತ್ರಪಿಂಡಗಳ ಸುತ್ತ ಇರುತ್ತದೆ. ದೊಡ್ಡವರಲ್ಲಿ ಇದು ಬಹುಮಟ್ಟಿಗೆ ಕುಗ್ಗಿಹೋಗುತ್ತದೆ. ಆದರೂ ಕೆಲವರ ಕುತ್ತಿಗೆಯ ಬಳಿ ಅಲ್ಪಸ್ವಲ್ಪ ಉಳಿದು ಕೆಲಸ ಮಾಡುತ್ತದೆಂದು 2009ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು.

ಗರ್ಭಧಾರಣೆಯ ಕೊನೆಯ ತಿಂಗಳುಗಳಲ್ಲಿ ಈ ಸಂಗ್ರಹ ಬೆಳೆಯುತ್ತದೆ. ಆದ್ದರಿಂದ ದಿನ ತುಂಬದೆ ಹುಟ್ಟಿದ ಶಿಶುವಿಗೂ 2,500 ಗ್ರಾಮಿಗಿಂತ ಕಡಿಮೆ ತೂಕದ ಶಿಶುವಿಗೂ ಅಪಾಯ ಹೆಚ್ಚು. ತೂಕಕ್ಕೆ ಹೋಲಿಸಿದರೆ ಕೂಸಿನ ಮೈಯ ಹೊರಮೈ ದೊಡ್ಡವರಿಗಿಂತ ಬಹಳ ಹೆಚ್ಚಾದುದರಿಂದ ಶಾಖ ಬೇಗನೆ ಸೋರಿಹೋಗುತ್ತದೆ. ಕಂದು ಕೊಬ್ಬು ಉರಿಯಲು ಆಮ್ಲಜನಕವೂ ಸಕ್ಕರೆಯೂ ಬೇಕು. ಚಳಿ ಮುಂದುವರಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಕೂಸು ಸೋತು ಹಾಲು ಕುಡಿಯುವುದನ್ನು ಬಿಡುತ್ತದೆ. ಹಾಲಿಲ್ಲದೆ ಶಾಖ ಇನ್ನಷ್ಟು ಇಳಿಯುತ್ತದೆ. ಈ ಸುಳಿಗೆ ಸಿಕ್ಕ ಎಳೆಯ ಜೀವ ಉಳಿಯುವುದು ಕಷ್ಟ.

ಹಿರಿಯರು ಗಮನಿಸಬೇಕಾದುದು

ಕೂಸು ಹುಟ್ಟಿದೊಡನೆ ಎರೆಯುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಶುಚಿಯ ಭಾವನೆಯಿಂದ ಬಂದ ವಾಡಿಕೆಯಾದರೂ ಇದು ಕೂಸಿನ ಶಾಖವನ್ನು ಕಸಿಯುತ್ತದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆಗಳ ಕಾಲ ಮುಂದೂಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೂಕ ಕಡಿಮೆಯಿದ್ದರೆ ವೈದ್ಯರು ಹೇಳುವವರೆಗೆ ಕಾಯಬೇಕು. ಹುಟ್ಟಿದೊಡನೆ ಒಣಬಟ್ಟೆಯಿಂದ ಮೈ ಒರೆಸಿ, ಒದ್ದೆ ಬಟ್ಟೆಯನ್ನು ತೆಗೆದು, ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಸಬೇಕು. ತಲೆಗೆ ಕುಲಾವಿ ಹಾಕಬೇಕು. ಮೈಮೇಲಿನ ಬಿಳಿಯ ಜಿಡ್ಡನ್ನು ಉಜ್ಜಿ ತೆಗೆಯಬಾರದು. ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲನ್ನು ಕುಡಿಸಬೇಕು. ಅದನ್ನು ಹಿಂಡಿ ಚೆಲ್ಲುವುದು ಕೂಸಿನ ಉರುವಲನ್ನೇ ಚೆಲ್ಲಿದಂತೆ. ಬಾಣಂತಿಯ ಕೋಣೆಯಲ್ಲಿ ಗಾಳಿ ನೇರವಾಗಿ ಬೀಸದಿರಲಿ. ಆದರೆ ಮುಚ್ಚಿದ ಕೋಣೆಯಲ್ಲಿ ಹೊಗೆಯಾಡುವ ಅಗ್ಗಿಷ್ಟಿಕೆ ಉಸಿರಿಗೆ ಅಪಾಯಕರ. ಲಿಂಗಧಾರಣೆ ಮೊದಲಾದ ಸಂಸ್ಕಾರಗಳನ್ನು ಕೂಸನ್ನು ಬೆಚ್ಚಗೆ ಸುತ್ತಿಕೊಂಡೇ ನೆರವೇರಿಸಬಹುದು.

ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ವೈದ್ಯ ಎಡ್ಗರ್ ರೇ ಅವರು ಶಾಖಪೆಟ್ಟಿಗೆಗಳ ಕೊರತೆಯ ನಡುವೆ ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೆ ಕಟ್ಟಿ ಬೆಳೆಸುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತಾಯಿ ಆರೈಕೆ ಎಂದು ಹೆಸರಾದ ಈ ಕ್ರಮ ಇಂದು ಜಗತ್ತಿನೆಲ್ಲೆಡೆ ಮಾನ್ಯವಾಗಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ವ್ಯಾಪಕವಾಗಿ ಆಚರಣೆಗೆ ತರುವ ಅಧ್ಯಯನ ನಡೆದಿದೆ. ತಾಯಿಗೆ ದಣಿವಾದಾಗ ತಂದೆಯೋ ಅಜ್ಜಿಯೋ ಕೂಸನ್ನು ಎದೆಗವಚಿಕೊಳ್ಳಬಹುದು.

ಕೂಸಿನ ಶಾಖವನ್ನು ತಿಳಿಯಲು ಅಂಗೈಯ ಹಿಂಬದಿಯಿಂದ ಅದರ ಹೊಟ್ಟೆಯನ್ನೂ ಪಾದಗಳನ್ನೂ ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕಂದು ಕೊಬ್ಬು ಚಳಿಯೊಡನೆ ಹೋರಾಡುತ್ತಿದೆಯೆಂದು ತಿಳಿದು ಕೂಡಲೇ ಎದೆಗೆ ಅವಚಿಕೊಂಡು ಹಾಲೂಡಿಸಬೇಕು. ಎರಡೂ ತಣ್ಣಗಿದ್ದರೆ, ಕೂಸು ಮಂಕಾಗಿದ್ದರೆ ಅಥವಾ ಹಾಲು ಚೀಪದಿದ್ದರೆ ಎದೆಗಪ್ಪಿಕೊಂಡೇ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹುಟ್ಟುವಾಗ ಕೂಸು ತಂದಿರುವ ಉರುವಲು ಕೊಂಚವೇ. ಅದು ತೀರದಂತೆ ಕಾಯುವ ಹೊಣೆ ಮನೆಯ ಹಿರಿಯರದು.