ಟ್ರೋಲ್ ಸಾಯೋದು ಯಾವಾಗ?

ಚಳ್ಳಕೆರೆಯ ನಮ್ಮನೆ ಜಗಲಿ ಮೇಲೆ ಹುಲಿ-ಕುರಿ ಆಡುವಾಗ ಒಂದು ಜಗಳ ಖಾಯಂ. 3 ಹುಣಸೆಬೀಜ ಹುಲಿ, 15 ಶೇಂಗಾಬೀಜ ಕುರಿ. ಕುರಿಗಳನ್ನು ಒಂದೊಂದಾಗಿ ಇಳಿಸಬೇಕು. ಎಲ್ಲಾ ಕುರಿ ಇಳಿಯೋ ಮುಂಚೆಯೇ ಹುಲಿ ಹಾರಿ ತಿನ್ನಬಹುದಾ? ಒಂದು ಮನೆಯಲ್ಲಿ ಹೌದು, ಪಕ್ಕದ ಮನೆಯಲ್ಲಿ ಇಲ್ಲ. ಹುಲಿ ತಿನ್ನುತ್ತೆ ಅನ್ನೋದು ಎಲ್ಲರೂ ಒಪ್ಪಿದ ಮಾತು. ಯಾವಾಗಿಂದ ಅನ್ನೋದೇ ತಕರಾರು.

ಹೋದ ಸೆಮಿಸ್ಟರ್ ಹಾಸ್ಟೆಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವಾಗಲೂ ಇದೇ ಆಯ್ತು. ಡಂಜನ್ ಮಾಸ್ಟರ್ ನಾನು. ಎದುರಿಗಿದ್ದದ್ದು ಟ್ರೋಲ್.

ನಿಯಮ ಏನು ಹೇಳುತ್ತೆ?

2014ರ ಐದನೇ ಆವೃತ್ತಿಯ ಪ್ರಕಾರ ಟ್ರೋಲ್‌ಗೆ 84 ಹಿಟ್ ಪಾಯಿಂಟ್. ತನ್ನ ಸರದಿಯ ಆರಂಭದಲ್ಲಿ ಅದು 10 ಪಾಯಿಂಟ್ ವಾಪಸ್ ಪಡೆಯುತ್ತೆ. ಬೆಂಕಿ ಅಥವಾ ಆಸಿಡ್ ಏಟು ಬಿದ್ದರೆ, ಅದರ *ಮುಂದಿನ* ಸರದಿಯ ಆರಂಭದಲ್ಲಿ ಈ ಶಕ್ತಿ ಕೆಲಸ ಮಾಡಲ್ಲ. ಸರದಿ ಶುರುವಾಗುವಾಗ ಪಾಯಿಂಟ್ 0 ಇದ್ದು, ಚೇತರಿಕೆಯೂ ಆಗದಿದ್ದರೆ ಮಾತ್ರ ಅದು ಸಾಯುತ್ತೆ.

ಗೆಳೆಯನೊಬ್ಬ ಆಲ್ಕೆಮಿಸ್ಟ್ಸ್ ಫೈರ್ ಎಸೆದ. ತಗುಲಿತು. ಆದರೆ ಅದು ಸುಡೋದು ಎಸೆದ ಕ್ಷಣದಲ್ಲಿ ಅಲ್ಲ. ಪ್ರತಿ ಸಲ ಗುರಿಯ ಸರದಿಯ ಆರಂಭದಲ್ಲಿ 1ರಿಂದ 4 ಪಾಯಿಂಟ್. ಇನ್ನೊಬ್ಬ ಕತ್ತಿ ಬೀಸಿ ಟ್ರೋಲನ್ನು 0ಗೆ ಇಳಿಸಿದ. ಈಗ ಟ್ರೋಲ್ ಸರದಿ. ಚೇತರಿಕೆ, ಬೆಂಕಿ ಎರಡೂ "ಆರಂಭದಲ್ಲಿ". ಯಾವುದು ಮೊದಲು?

ಬಿಡಿಸಿ ನೋಡೋಣ

1. ಚೇತರಿಕೆ ಮೊದಲು ಅಂದ್ರೆ: 0 + 10 = 10. ಬೆಂಕಿ 3 ಸುಟ್ಟಿತು ಅನ್ನಿ, 7 ಉಳಿಯಿತು. ಬದುಕಿದೆ.

2. ಬೆಂಕಿ ಮೊದಲು ಅಂದ್ರೆ: ಸುಟ್ಟಿದ್ದು ಈ ಸರದಿಯ ಒಳಗೆ. ನಿಯಮ ತಡೆಯೋದು ಮುಂದಿನ ಸರದಿಯ ಚೇತರಿಕೆಯನ್ನು. ಅಕ್ಷರಶಃ ಓದಿದರೆ ಈ ಸಲದ 10 ಸಿಕ್ಕೇ ಸಿಗುತ್ತೆ. ಆಗಲೂ ಬದುಕಿದೆ.

ಅಂದ್ರೆ ನಾವು ಅರ್ಧ ಗಂಟೆ ಕಿತ್ತಾಡಿದ್ದು "ಯಾವುದು ಮೊದಲು" ಅಂತ. ಉತ್ತರ ಇದ್ದದ್ದು "ಮುಂದಿನ" ಅನ್ನೋ ಪದದಲ್ಲಿ. ಫ್ಲಿಪ್-ಫ್ಲಾಪ್ ನೆನಪಿಸಿಕೊಳ್ಳಿ. ಕ್ಲಾಕ್ ಎಡ್ಜ್‌ಗೆ ಮುಂಚೆ ಸ್ಥಿರವಾಗಿದ್ದ ಇನ್‌ಪುಟ್ ಮಾತ್ರ ಲೆಕ್ಕಕ್ಕೆ. ಎಡ್ಜ್ ಜೊತೆಗೇ ಬದಲಾದದ್ದನ್ನು ನಂಬಂಗಿಲ್ಲ, ಮುಂದಿನ ಎಡ್ಜ್‌ವರೆಗೆ ಕಾಯಬೇಕು. ಬೆಂಕಿ ಹೊತ್ತಿಕೊಂಡೇ ಇದ್ದರೆ, ಮುಂದಿನ ಸರದಿ 0ಯಲ್ಲಿ ಶುರುವಾದಾಗ ಟ್ರೋಲ್ ಖಂಡಿತ ಸಾಯುತ್ತೆ.

ನಿಜವಾಗಿ ಕ್ರಮ ಮುಖ್ಯವಾಗೋ ಜಾಗಗಳೂ ಇವೆ. ಅದಕ್ಕೆ 2017ರ "ಕ್ಸಾನಥಾರ್ಸ್ ಗೈಡ್ ಟು ಎವೆರಿಥಿಂಗ್" ಪುಸ್ತಕ ಒಂದು ಐಚ್ಛಿಕ ನಿಯಮ ಕೊಡುತ್ತೆ: ಒಂದೇ ಹೊತ್ತಿಗೆ ಎರಡು ಸಂಗತಿ ನಡೆದರೆ, ಯಾರ ಸರದಿಯೋ ಆ ಪಾತ್ರವನ್ನು ಆಡಿಸುವವರೇ ಕ್ರಮ ನಿರ್ಧರಿಸಬೇಕು. ರಾಕ್ಷಸನ ಸರದಿ ಆದ್ರೆ ಡಂಜನ್ ಮಾಸ್ಟರ್.

ಹಾಗಾದ್ರೆ ನಾನು ಸರಿ ಇದ್ನಾ?

ಇಲ್ಲ. ಟ್ರೋಲ್ ಎದ್ದಿತು ಅಂತ ಹೇಳಿದೆ. ಎದ್ದಿದ್ದೇ ಕಚ್ಚಿ, ಎರಡೂ ಉಗುರು ಬೀಸಿ ಗೆಳೆಯನ ಕ್ಲೆರಿಕ್‌ನ ಕೊಂದಿತು. ಎಂಟು ತಿಂಗಳು ಬೆಳೆಸಿದ ಪಾತ್ರ. ಅವನು ಜಗಳ ಆಡಲಿಲ್ಲ, ಒಂದೇ ಮಾತು ಕೇಳಿದ: "ದಸರಾ ರಜೆಗೆ ಮುಂಚೆ ಇದೇ ಥರ ಉರೀತಿದ್ದ ಟ್ರೋಲ್ ಸತ್ತಿತು ಅಂದಿದ್ದೆ ಅಲ್ವಾ?" ಹೌದು, ಅಂದಿದ್ದೆ. ಅದನ್ನೇ ನಂಬಿ ಅವನು ಟ್ರೋಲ್ ಪಕ್ಕದಲ್ಲೇ ನಿಂತಿದ್ದ. ಮೂರು ವಾರ ಅವನು ಆಟಕ್ಕೆ ಬರಲಿಲ್ಲ.

ಪುಸ್ತಕದ ಪ್ರಕಾರ ನನ್ನ ಎರಡನೇ ತೀರ್ಪು ಸರಿ, ಮೊದಲನೆಯದು ತಪ್ಪು. ಆದರೆ ಆಟಗಾರ ಲೆಕ್ಕ ಹಾಕೋದು ಪುಸ್ತಕ ನೋಡಿ ಅಲ್ಲ, ನಮ್ಮ ಹಿಂದಿನ ತೀರ್ಪು ನೋಡಿ. ಅದಕ್ಕೇ ಈಗ ಮೂರು ಕೆಲಸ ಮಾಡ್ತೀವಿ:

- ತೀರ್ಪು ಕೊಟ್ಟ ತಕ್ಷಣ ನೋಟ್‌ಬುಕ್‌ನಲ್ಲಿ ಬರೆಯೋದು.
- ಅನುಮಾನ ಬಂದರೆ ಡೈಸ್ ಉರುಳೋ ಮುಂಚೆ ಕೇಳೋದು.
- ಹಳೇ ತೀರ್ಪು ತಪ್ಪು ಅಂತ ಗೊತ್ತಾದ್ರೆ, ಬದಲಾವಣೆ ಮುಂದಿನ ಆಟದಿಂದ; ನಡೀತಿರೋ ಕಾದಾಟಕ್ಕೆ ಹಳೇದೇ.

ಕ್ಲೆರಿಕ್ ವಾಪಸ್ ಬಂದಿದ್ದಾನೆ, ಗೆಳೆಯನೂ. ಜಗಲಿ ಮೇಲೆ ಅಜ್ಜಿ ಮಾಡ್ತಿದ್ದದ್ದೂ ಇದೇ. ಮೊದಲ ಶೇಂಗಾ ಇಡೋ ಮುಂಚೆ ಕೇಳೋರು: "ಹುಲಿ ಯಾವಾಗಿಂದ ತಿನ್ನುತ್ತೆ, ಈಗಲೇ ಹೇಳ್ರಪ್ಪ."