ಇಂಟೆಲ್ ಮೇಲೆ ಓಡಿದರೆ ಸಾಲದು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕಂಪ್ಯೂಟರ್ ವಿದ್ಯಾರ್ಥಿಗಳೇ, ಕ್ಯೂಎಮು ಥರದ ಮುಕ್ತ ತಂತ್ರಾಂಶದ ದೋಷ ತಿದ್ದುವಾಗ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿತೆಂದು ಕೆಲಸ ಮುಗಿಸಬೇಡಿ. ಲಿನಕ್ಸ್‌ನಲ್ಲಿ ಸಿ ಭಾಷೆಯ ‘ಚಾರ್’ ಇಂಟೆಲ್ ಪ್ರೊಸೆಸರಿನ ಮೇಲೆ ಋಣಸಂಖ್ಯೆ ಹಿಡಿಯುತ್ತದೆ, ಆರ್ಮ್ ಮೇಲೆ ಹಿಡಿಯುವುದಿಲ್ಲ. -1 ಇಟ್ಟ ಕಡೆ 255 ಕೂತಿರುತ್ತದೆ, ಹೋಲಿಕೆ ಸದ್ದಿಲ್ಲದೆ ತಪ್ಪುತ್ತದೆ. ಐಬಿಎಂನ ಎಸ್390ಎಕ್ಸ್ ಮೇನ್‌ಫ್ರೇಮಿನಲ್ಲಂತೂ ಬೈಟುಗಳ ಕ್ರಮವೇ ತಿರುವುಮುರುವು. ‘ಆ ಯಂತ್ರ ನಮಗೆಲ್ಲಿ ಸಿಗಬೇಕು?’ ಎಂಬ ಆಕ್ಷೇಪ ಸಹಜ. ಆದರೆ ಒಂದು ಪ್ರೊಸೆಸರಿನ ಮೇಲೆ ಇನ್ನೊಂದನ್ನು ಅನುಕರಿಸುವುದೇ ಕ್ಯೂಎಮುವಿನ ಕಸುಬು. ಈ ಎರಡೂ ದೋಷ ಅದರಲ್ಲೇ ಸಿಕ್ಕಿಬೀಳುತ್ತವೆ. ಮೆಮೊರಿಯ ಓದು-ಬರಹ ನಡೆಯುವ ಕ್ರಮದ ದೋಷಗಳನ್ನು ಮಾತ್ರ, ಕ್ಯೂಎಮು ಬಳಸಿದರೂ, ಇಂಟೆಲ್‌ನ ಬಿಗಿ ನಿಯಮ ಮುಚ್ಚಿಡುತ್ತದೆ. ಅವುಗಳಿಗೆ ನಿಜವಾದ ಆರ್ಮ್ ಬೇಕು, ರಾಸ್ಪ್‌ಬೆರಿ ಪೈ ಆದರೂ ಆದೀತು. ತಿದ್ದುವಾಗ ಆರ್ಮ್‌ಗೆಂದೇ ಬೇರೆ ತೇಪೆ ಹಚ್ಚಬೇಡಿ. ಸಂಖ್ಯೆಯ ಚಿಹ್ನೆ, ಅಗಲ, ಬೈಟುಗಳ ಕ್ರಮ ಯಾವುದೆಂದು ಕೋಡಿನಲ್ಲೇ ಬಿಡಿಸಿ ಬರೆಯಿರಿ.